ಮಾತ್ರೆಗೂ ಕಾಫಿಗೂ ನಡುವೆ ಒಂದು ಗಂಟೆ

ಜುಲೈ 8, ಸೋಮವಾರ. ಬೆಳಿಗ್ಗೆ 5.10

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು ಅಲಂಕರಿಸಿರುವ ಹಿತ್ತಾಳೆ ಫಿಲ್ಟರೇ, ಸಭೆಯಲ್ಲಿ ಆಸೀನರಾಗಿರುವ ಸಮಸ್ತ ಲೋಟ-ಬಟ್ಟಲುಗಳೇ, ಮೂಲೆಯಲ್ಲಿ ನಿಂತುಕೊಂಡೇ ಭಾಷಣ ಕೇಳುವ ಗ್ಯಾಸ್ ಸಿಲಿಂಡರೇ... ಎಲ್ಲರಿಗೂ ಶುಭೋದಯ. ಈ ದಿನದ ಕಾರ್ಯಕ್ರಮ ನಿನ್ನೆಯದೇ. ಮೊದಲಿಗೆ ಡಿಕಾಕ್ಷನ್ ಇಳಿಯುವುದು. ನಂತರ ಹಾಲು ಉಕ್ಕುವುದು. ಕೊನೆಯಲ್ಲಿ ಕುಮಾರಿ ಗಗನ ಅವರನ್ನು ಎಬ್ಬಿಸುವುದು. ವಂದನಾರ್ಪಣೆ ಇರುವುದಿಲ್ಲ.

ಡಿಕಾಕ್ಷನ್ ಇಳಿಯಲು ಹದಿನೈದು ನಿಮಿಷ ಬೇಕು. ಅಷ್ಟರೊಳಗೆ ಬರೆದದ್ದೇ ನನ್ನ ದಿನಚರಿ. ಉಳಿದ ಹೊತ್ತು ಪ್ರೆಸ್ಸಿನಲ್ಲಿ ಕರಡು ತಿದ್ದುವ ಕೆಲಸ. ಬೇರೆಯವರ ತಪ್ಪು ಹುಡುಕಿ ಕೆಂಪು ಶಾಯಿಯಲ್ಲಿ ಗೀಟು ಹಾಕುವುದು. ಇಪ್ಪತ್ತು ವರ್ಷವಾಯಿತು. ರಜಾ ದಿನಗಳಲ್ಲಿ ಜಯಲಕ್ಷ್ಮಿಪುರಂ ಸುತ್ತಮುತ್ತಲಿನ ಸಮಾರಂಭಗಳಿಗೆ ಖಾಯಂ ನಿರೂಪಕ. ಯಾರೂ ಓದದ, ಯಾರೂ ತಿದ್ದದ ಬರಹ ನನ್ನದು ಇದೊಂದೇ.

ಮೂರು ಅಲಾರಾಂ ಹೊಡೆದವು. ಮಗಳು ಏಳಲಿಲ್ಲ. ಇಪ್ಪತ್ತೆರಡು ವರ್ಷ ಅವಳಿಗೆ. ಸಬ್‌ಇನ್‌ಸ್ಪೆಕ್ಟರ್ ಆಗಬೇಕೆಂದು ಹೈಸ್ಕೂಲಿನಿಂದ ಹಟ. ನವೆಂಬರಿನಲ್ಲಿ ದೈಹಿಕ ಪರೀಕ್ಷೆ. ನಾನೂರು ಮೀಟರ್, ಎರಡು ನಿಮಿಷದೊಳಗೆ. ಹೋದ ವರ್ಷ ಒಂದೂ ಮುಕ್ಕಾಲು ನಿಮಿಷಕ್ಕೆ ಓಡಿ ಮುಗಿಸಿ, ಮೇಲೆ ನಗುತ್ತಲೂ ಇದ್ದಳು. ಈಗ ಗಂಗೋತ್ರಿ ಮೈದಾನದವರೆಗೆ ನಡೆಯುವಷ್ಟರಲ್ಲೇ ಮುಗಿದುಹೋಗುತ್ತಾಳೆ.

"ಗಗನಾ, ಐದೂವರೆ ಆಯ್ತು ಕಣಮ್ಮ."

"ಕಾಫಿ ಕೊಡಪ್ಪ. ಬದುಕೋದೋ ಬೇಡ್ವೋ ಆಮೇಲೆ ನೋಡೋಣ."

ರಗ್ಗಿನೊಳಗೆ ಮಲಗಿಹರು ಭಾವಿ ಸಾಹೇಬರು,
ಲೋಟ ಹಿಡಿದು ನಿಂತಿಹರು ಅವರ ತಂದೆಯವರು.

ಜುಲೈ 14, ಭಾನುವಾರ

ಕುಸುಮ ಬಂದಿದ್ದಾಳೆ. ಗುಂಡ್ಲುಪೇಟೆ ಕಡೆ ಸರ್ಕಾರಿ ಶಾಲೆಯಲ್ಲಿ ಟೀಚರ್. ಶನಿವಾರ ಸಂಜೆಯ ಬಸ್ಸಿಗೆ ಬಂದು ಸೋಮವಾರದ ಮೊದಲ ಬಸ್ಸಿಗೆ ಹೋಗುವ ಹೆಂಡತಿ. ಮಧ್ಯದ ಐದು ದಿನ ಮನೆಯಲ್ಲಿ ನಾನು ಮತ್ತು ಮಗಳು.

ಎಣ್ಣೆ ಹಚ್ಚಿ ತಲೆ ಬಾಚುತ್ತಿದ್ದವಳು ಬಾಚಣಿಗೆಯನ್ನು ನನ್ನ ಮುಂದೆ ಹಿಡಿದಳು. ನಿಂಬೆಹಣ್ಣಿನಷ್ಟು ಕೂದಲ ಉಂಡೆ.

"ರೀ, ಕಣ್ಣಿದೆಯೇನ್ರೀ ನಿಮಗೆ? ಯಾರದೋ ಪುಸ್ತಕದಲ್ಲಿ ಒಂದು ಕೊಂಬು ಬಿಟ್ಟೋಗಿದ್ರೆ ಕಾಣ್ಸತ್ತೆ. ಮಗಳ ಮುಖ ಊದ್ಕೊಂಡಿರೋದು ಕಾಣ್ಸಲ್ವ? ಸೆಖೇಲಿ ಸ್ವೆಟರ್ ಹಾಕ್ಕೊಂಡು ಕೂತವ್ಳೆ. ದನಿ ನೋಡಿ, ಗಂಡಸರ ಥರ ಆಗೋಗಿದೆ."

"ಸುಮ್ನಿರಮ್ಮ," ಎಂದಳು ಗಗನ. "ತಿನ್ತೀನಿ, ಮಲಗ್ತೀನಿ, ಊದ್ಕೊತೀನಿ. ಸೋಮಾರಿತನಕ್ಕೆ ಬ್ಲಡ್ ಟೆಸ್ಟ್ ಇಲ್ಲ."

ನಾನೂ ಹಾಗೇ ಅಂದುಕೊಂಡಿದ್ದೆ. ಬಾಯಿಬಿಟ್ಟು ಹೇಳಲಿಲ್ಲ, ಅಷ್ಟೆ.

ಜುಲೈ 19, ಶುಕ್ರವಾರ. ಸಂಜೆ

ಬ್ಲಡ್ ಟೆಸ್ಟ್ ಇದೆ. ಟಿಎಸ್‌ಎಚ್ ಅಂತ ಹೆಸರು. ಐದರೊಳಗಿರಬೇಕಾದದ್ದು ನಲವತ್ತೆಂಟು ಇದೆ.

ಡಾಕ್ಟರ್ ನಾಗಾರ್ಜುನ ಇನ್ನೂ ಹುಡುಗ. ಚೆನ್ನಾಗಿ ಬಿಡಿಸಿ ಹೇಳಿದರು. "ಗಂಟಲ ಹತ್ರ ಚಿಟ್ಟೆ ಆಕಾರದ್ದೊಂದು ಗ್ರಂಥಿ ಇರುತ್ತೆ. ಥೈರಾಯ್ಡ್. ಅದು ಕೆಲಸ ಕಡಿಮೆ ಮಾಡ್ತಿದೆ. ಮಿದುಳು 'ಮಾಡು, ಮಾಡು' ಅಂತ ಕೂಗ್ತಾ ಇದೆ. ಆ ಕೂಗೇ ಈ ನಂಬರು. ಕೂಗು ಜಾಸ್ತಿ ಆದಷ್ಟೂ ನಂಬರು ಜಾಸ್ತಿ. ನಿದ್ದೆ, ಚಳಿ, ತೂಕ, ಸುಸ್ತು, ಮುಟ್ಟಿನ ತೊಂದರೆ ಎಲ್ಲಾ ಅದರದ್ದೇ. ನೀನು ಸೋಮಾರಿ ಅಲ್ಲ ಕಣಮ್ಮ."

ಅಲ್ಲಿಯವರೆಗೆ ಗಟ್ಟಿಯಾಗಿ ಕೂತಿದ್ದ ಹುಡುಗಿ ಆ ಕೊನೆಯ ಮಾತಿಗೆ ಅತ್ತಳು. ಮುಖ ತೊಳೆದು ಬರುತ್ತೇನೆಂದು ಹೊರಗೆ ಹೋದಳು. ಡಾಕ್ಟರು ಮಾತ್ರೆ ಕೊಡುವ ಕ್ರಮವನ್ನು ನನಗೆ ಹೇಳಿದರು. ಖಾಲಿ ಹೊಟ್ಟೆಗೆ, ದಿನವೂ, ತಪ್ಪದೆ. ಬಹುಶಃ ಜೀವನಪೂರ್ತಿ. ಚೀಟಿಯಲ್ಲೂ ಬರೆದುಕೊಟ್ಟರು. ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟೆ.

ನವೆಂಬರಿನ ಓಟಕ್ಕೆ ಸರಿಹೋಗುತ್ತಾಳಾ ಎಂದು ಕೇಳಿದೆ. ನಾಲ್ಕು ತಿಂಗಳಿದೆ, ಧಾರಾಳ ಅಂದರು.

ಗಂಟಲಲ್ಲೊಂದು ಪುಟ್ಟ ಚಿಟ್ಟೆ,
ಅದು ಮಲಗಿತು, ನಾ ಕೆಟ್ಟೆ.

ಎರಡನೇ ಸಾಲು ಅವಳದ್ದು. ಆಟೋದಲ್ಲಿ ಸೇರಿಸಿದಳು. ಎಷ್ಟೋ ದಿನದ ಮೇಲೆ ನಕ್ಕಳು.

ಜುಲೈ 24, ಬುಧವಾರ. 5.15

ಮಾತ್ರೆ ಶನಿವಾರದಿಂದ ಶುರುವಾಗಿದೆ. ಐವತ್ತರ ಡೋಸು. ಸಾಸಿವೆಗಿಂತ ಸ್ವಲ್ಪ ದೊಡ್ಡದು. ಉಸ್ತುವಾರಿ ನನ್ನದು. ಅವಳಿಗೆ ಈಗ ಬೆಳಿಗ್ಗೆ ಯಾವುದೂ ನೆನಪಿರುವುದಿಲ್ಲ.

ಒಂದೇ ತಟ್ಟೆಯಲ್ಲಿ ಮಾತ್ರೆ, ಪಕ್ಕದಲ್ಲಿ ಕಾಫಿ. ಖಾಲಿ ಹೊಟ್ಟೆ ಅಂದರೆ ತಿಂಡಿಗೆ ಮೊದಲು. ಕಾಫಿ ತಿಂಡಿಯಲ್ಲ. ನಮ್ಮವ್ವ ಸೋಮವಾರದ ಉಪವಾಸದಲ್ಲೂ ನಾಲ್ಕು ಲೋಟ ಕುಡಿಯುತ್ತಿದ್ದಳು. ಶಿವ ಒಂದು ಸಲವೂ ಆಕ್ಷೇಪಣೆ ಎತ್ತಿದ ದಾಖಲೆಯಿಲ್ಲ.

ಲೋಟ ಕೈಗೆ ಬಂದರೆ ಅವಳು ಎದ್ದು ಕೂರುತ್ತಾಳೆ. ರಗ್ಗನ್ನು ಹೆಗಲ ಮೇಲೆಳೆದುಕೊಂಡು ಹತ್ತು ನಿಮಿಷ ಮಾತಾಡುತ್ತಾಳೆ. ಕನಸಿನಲ್ಲಿ ಬೂಟು ಸಿಗದೆ ಬರಿಗಾಲಲ್ಲಿ ಪರೇಡ್ ಮಾಡಿದ್ದು, ಹಳೆಯ ಗೆಳತಿ ಫೋಟೋ ನೋಡಿ "ಯಾವಾಗ್ಲೇ ಡೆಲಿವರಿ" ಅಂದಿದ್ದು. ಆಮೇಲೆ ಇಡೀ ದಿನ ಮೌನ. ನನಗೆ ಮಗಳು ಸಿಗುವುದು ಆ ಹತ್ತು ನಿಮಿಷ.

ಆಗಸ್ಟ್ 31, ಶನಿವಾರ

ನಲವತ್ತೊಂದು.

ಆರು ವಾರ ಮಾತ್ರೆ ನುಂಗಿ ಏಳು ಅಂಕ ಇಳಿದಿದೆ. ಡಾಕ್ಟರ ಕೋಣೆಯ ಹೊರಗೆ ಜನವೋ ಜನ. ಅವಸರದಲ್ಲಿದ್ದರು. "ಖಾಲಿ ಹೊಟ್ಟೇಲೇ ತಗೊಳ್ತಿದ್ದೀಯ ತಾನೇ?"

"ಹೂಂ ಸಾರ್. ತಿಂಡಿಗಿಂತ ಎಷ್ಟೋ ಮುಂಚೆ."

ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತಿದ್ದೆ. ಮುದ್ರಣ ಚೆನ್ನಾಗಿತ್ತು. ಡೋಸು ಎಪ್ಪತ್ತೈದಾಯಿತು.

ಟಿಎಸ್‌ಎಚ್ ಎಂಬ ಮೂರಕ್ಷರ,
ಏರಿತೆಂದರೆ ಮನೆಯೇ ತತ್ತರ.

ಅಕ್ಟೋಬರ್ 13, ಭಾನುವಾರ

ನಿನ್ನೆ ಜಂಬೂಸವಾರಿ. ಕುಸುಮ ಬಲವಂತ ಮಾಡಿ ಹೊರಡಿಸಿದಳು. ಗಗನ ಆನೆ ನೋಡಲಿಲ್ಲ. ಹಗ್ಗ ಹಿಡಿದು ನಿಂತಿದ್ದ ಮಹಿಳಾ ಪೊಲೀಸರನ್ನು ನೋಡುತ್ತಿದ್ದಳು.

"ಅಪ್ಪ, ಅವ್ರು ಬೆಳಗಿನಿಂದ ನಿಂತವ್ರೆ. ನಂಗೆ ಅವ್ರನ್ನ ನೋಡ್ತಾ ನಿಂತ್ಕೊಳಕ್ಕೂ ಆಗ್ತಿಲ್ಲ."

ಫುಟ್‌ಪಾತಿನ ಮೇಲೆ ಕೂತುಬಿಟ್ಟಳು. ಮುಂದೆ ನಿಂತವರ ಕಾಲುಗಳಷ್ಟೇ ಅವಳಿಗೆ ಕಂಡ ಮೆರವಣಿಗೆ.

ಹೋದ ವಾರದ ರಿಪೋರ್ಟು ಮೂವತ್ತಾರು. ಡೋಸು ನೂರು.

ನವೆಂಬರ್ 26, ಮಂಗಳವಾರ

ಎರಡು ನಿಮಿಷ ಒಂಬತ್ತು ಸೆಕೆಂಡು.

ನವೆಂಬರ್ 27, ಬುಧವಾರ. 5.20

ಕಾಫಿ ಕೊಟ್ಟೆ. ಕುಡಿದಳು. ಮಾತಾಡಲಿಲ್ಲ.

ಡಿಸೆಂಬರ್ 9, ಸೋಮವಾರ. ಸಂಜೆ 7

ಎರಡು ವಾರದಿಂದ ಬರೆಯಲಿಲ್ಲ. ಸಭೆ ಮುಂದೂಡಲಾಗಿತ್ತು.

ಪ್ರೆಸ್ಸಿನಿಂದ ಬರುತ್ತಾ ಮೆಡಿಕಲ್ ಸ್ಟೋರಿಗೆ ಹೋದೆ. ಅಂಗಡಿ ರೋಸ್ಲಿನ್‌ದು. ಐವತ್ತೈದು ದಾಟಿದ ಹೆಂಗಸು. ಯಾವ ಮನೆಯಲ್ಲಿ ಯಾರಿಗೆ ಏನು ಕಾಯಿಲೆ ಎಂಬುದೆಲ್ಲ ಗೊತ್ತು, ಯಾರಿಗೂ ಹೇಳುವುದಿಲ್ಲ. ಹೊಸ ಬಾಟಲಿ ತೆಗೆದು ಕೊಡದೆ ಕೈಯಲ್ಲೇ ಹಿಡಿದುಕೊಂಡಳು.

"ಐವತ್ತು, ಎಪ್ಪತ್ತೈದು, ನೂರು. ಏನ್ ಸುಂದರೇಶಣ್ಣ, ವರ್ಷ ವರ್ಷ ಕ್ಲಾಸ್ ಪಾಸ್ ಆಗೋ ಥರ ಏರ್ತಾ ಇದೆಯಲ್ಲ. ಮಗೂಗೆ ಹೆಂಗೆ ಕೊಡ್ತೀರ ಇದನ್ನ?"

"ಖಾಲಿ ಹೊಟ್ಟೇಲಿ."

"ಕಾಫಿ ಬುಟ್ಟು ಖಾಲಿನೋ, ಕಾಫಿ ಸೇರಿ ಖಾಲಿನೋ?"

ನಾನು ಜೇಬಿನಲ್ಲಿ ಚಿಲ್ಲರೆ ಹುಡುಕತೊಡಗಿದೆ. ಅವಳಿಗೆ ಉತ್ತರ ಸಿಕ್ಕಿತು.

"ಅಯ್ಯೋ ಅಣ್ಣ. ಕಾಫಿ ಬಿದ್ರೆ ಈ ಮಾತ್ರೆ ಮೈಗೆ ಸರಿಯಾಗಿ ಹಿಡಿಯಲ್ಲ. ಬರೀ ನೀರಲ್ಲಿ ನುಂಗಿ ಒಂದು ಗಂಟೆ ಸುಮ್ನಿರ್ಬೇಕು. ನಾನೂ ಹದಿನಾರು ವರ್ಷದಿಂದ ತಗೊಳ್ತಿದೀನಿ. ಭಾನುವಾರ ಮಾತ್ರೆ ನುಂಗಿ ಚರ್ಚಿಗೆ ಹೋಗ್ತೀನಿ, ಪೂಜೆ ಮುಗಿಸ್ಕೊಂಡು ಬಂದು ಕಾಫಿ. ದೇವರೇ ಟೈಮ್‌ಟೇಬಲ್ ಹಾಕ್ಕೊಟ್ಟವ್ನೆ. ಇದನ್ನ ಡಾಕ್ಟ್ರು ಹೇಳ್ಲಿಲ್ವ?"

"ಅವರಿಗೆ ಅವಸರ," ಎಂದೆ.

ಕಾಫಿಯೂ ಲೆಕ್ಕವಂತೆ. ಯಾರಿಗೆ ಗೊತ್ತಿತ್ತು.

ಡಿಸೆಂಬರ್ 10, ಮಂಗಳವಾರ. 5.05

ಮಾನ್ಯರೇ, ತುರ್ತು ಸಭೆ. ಇಂದಿನಿಂದ ಐದು ಗಂಟೆಗೆ ಮಾತ್ರೆ ಮತ್ತು ಬರೀ ನೀರು. ಆರಕ್ಕೆ ಕಾಫಿ. ಠರಾವು ಸರ್ವಾನುಮತದಿಂದ ಅಂಗೀಕಾರವಾಗಿದೆ. ಫಿಲ್ಟರ್ ಮಾತ್ರ ತಟಸ್ಥ.

"ಕಾಫಿ ಎಲ್ಲಪ್ಪ?"

"ಹಾಲು ಒಡೆದೋಯ್ತು ಕಣಮ್ಮ. ಅಂಗಡಿ ಬಾಗ್ಲು ತೆಗೀಲಿ, ತರ್ತೀನಿ."

ಗೋಡೆ ಕಡೆ ಹೊರಳಿ ಮಲಗಿದಳು. ಒಂದು ಗಂಟೆ ಇಷ್ಟು ಉದ್ದವೆಂದು ಗೊತ್ತಿರಲಿಲ್ಲ.

ಡಿಸೆಂಬರ್ 11

ಫಿಲ್ಟರ್ ಕಟ್ಟಿಕೊಂಡಿದೆ ಎಂದೆ.

ಡಿಸೆಂಬರ್ 12

ಕಾಫಿಪುಡಿ ಮುಗಿದಿದೆ ಎಂದೆ. ಡಬ್ಬಿ ಅವಳ ಕಣ್ಣಿಗೆ ಬಿತ್ತು. ತುಂಬಿತ್ತು. "ಅಪ್ಪ, ನೀನು ಕ್ರಿಮಿನಲ್ ಆಗಿದ್ರೆ ನಾನು ಸುಲಭವಾಗಿ ಹಿಡೀತಿದ್ದೆ," ಎಂದಳು. ವಯಸ್ಸಾಯಿತು, ಬೇಗ ಏಳಲಾಗದು, ಇನ್ನು ಮೇಲೆ ಆರಕ್ಕೇ ಕಾಫಿ ಎಂದು ಘೋಷಿಸಿದೆ. ಐದಕ್ಕೆ ಎದ್ದು ಮಾತ್ರೆ ಕೊಟ್ಟು ಈ ಮಾತು ಹೇಳಿದವನು ನಾನು. ನಿದ್ದೆಗಣ್ಣಿನಲ್ಲಿದ್ದಳು. ಒಪ್ಪಿಕೊಂಡಳು.

ಹಾಲು ಒಡೆಯಿತು, ಫಿಲ್ಟರ್ ಕಟ್ಟಿತು, ಪುಡಿಯೂ ಮುಗಿಯಿತು ಹಾಗೆ,
ಮುಗಿಯದೆ ಉಳಿದದ್ದು ಒಂದೇ ಒಂದು, ಅಪ್ಪನ ಸುಳ್ಳಿನ ಬುಗ್ಗೆ.

ಹಾಗೆ, ಬುಗ್ಗೆ. ಪ್ರಾಸ ಕುಂಟುತ್ತಿದೆ. ಕರಡಾಗಿದ್ದರೆ ಗೀಟು ಹಾಕುತ್ತಿದ್ದೆ.

ಜನವರಿ 6, ಸೋಮವಾರ. 5.20

ರಗ್ಗು ಕಾಲಕೆಳಗಿತ್ತು. ಒದ್ದು ತೆಗೆದಿದ್ದಾಳೆ. ಜನವರಿಯಲ್ಲಿ.

ಜನವರಿ 27, ಸೋಮವಾರ. 6.10

ಐದಕ್ಕೆ ಹೋದರೆ ಆಗಲೇ ಎದ್ದು ಕೂತಿದ್ದಳು. ಮಾತ್ರೆ ನುಂಗಿ, ಎದುರುಮನೆ ನಾಯಿಯನ್ನು ಕಿಟಕಿಯಿಂದಲೇ ಗದರಿಸಿದಳು. ದನಿ ವಾಪಸ್ ಬಂದಿದೆ. ನಾಯಿಯೂ ಗಾಬರಿ, ನಾನೂ ಗಾಬರಿ.

ಆಮೇಲೆ ಅಡುಗೆಮನೆಗೆ ಬಂದು ಕಟ್ಟೆಯ ಮೇಲೆ ಕೂತಳು. ಕಾಫಿಯಿಲ್ಲದೆ ಮುಕ್ಕಾಲು ಗಂಟೆ ಮಾತಾಡಿದಳು. ಆ ಹತ್ತು ನಿಮಿಷ ಹೋಯಿತೆಂದು ಕೊರಗುತ್ತಿದ್ದೆ... ಬಡ್ಡಿ ಸಮೇತ ಬಂತು. ಶೂ ಎಲ್ಲಿದೆ ಎಂದು ಕೇಳಿದಳು.

ಫೆಬ್ರವರಿ 8, ಶನಿವಾರ

ಸೊನ್ನೆ ಪಾಯಿಂಟ್ ಎರಡು.

ಹಳ್ಳದಿಂದ ಹತ್ತಿ ಗುಡ್ಡ ದಾಟಿಬಿಟ್ಟಿದ್ದಾಳೆ. ನಂಬರು ತೀರಾ ಇಳಿದರೆ ಮಾತ್ರೆ ಹೆಚ್ಚಾಯಿತು ಎಂದರ್ಥವಂತೆ. ಡಾಕ್ಟರು ಹಳೆಯ ರಿಪೋರ್ಟುಗಳನ್ನೆಲ್ಲ ಮೇಜಿನ ಮೇಲೆ ಹರಡಿದರು.

"ಎಪ್ಪತ್ತೈದಕ್ಕೇ ಇಳಿಸೋಣ. ಅಲ್ಲಮ್ಮ, ಅದೇ ಮಾತ್ರೆ, ಅದೇ ನೀನು. ಇಷ್ಟು ದಿನ ಎಲ್ಲಿಗೆ ಹೋಗ್ತಿತ್ತು ಈ ಔಷಧಿ?"

ನಾನು ಬಾಯಿ ತೆರೆದೆ. ಗಗನ ಮೊದಲು ಮಾತಾಡಿದಳು.

"ನಾನು ಮನಸ್ಸು ಮಾಡಿರ್ಲಿಲ್ಲ ಸಾರ್. ಮಾತ್ರೆ ಒಂದೇ ಏನ್ ಮಾಡುತ್ತೆ? ಆಗ ಬರೀ ಮಲಗಿರ್ತಿದ್ದೆ. ಈಗ ಓಡ್ತಾ ಇದೀನಿ."

ಡಾಕ್ಟರು ತಲೆ ಅಲ್ಲಾಡಿಸಿದರು. ಒಪ್ಪಿದ್ದಕ್ಕೋ ಒಪ್ಪದ್ದಕ್ಕೋ ಗೊತ್ತಾಗಲಿಲ್ಲ. ನಾನು ಬಾಯಿ ಮುಚ್ಚಿದೆ.

ಮಾರ್ಚ್ 21, ಶುಕ್ರವಾರ

ನಾನೂರು ಮೀಟರ್, ಒಂದು ನಿಮಿಷ ಐವತ್ತೊಂದು ಸೆಕೆಂಡು. ವಾಚು ಹಿಡಿದವನು ನಾನು. ಎರಡು ಸಲ ನೋಡಿಕೊಂಡೆ.

ಹೊಸ ನೇಮಕಾತಿಗೆ ಅರ್ಜಿ ಕರೆದಿದ್ದಾರೆ. ಮಾರ್ಚ್ 31 ಕಡೆಯ ದಿನ. ಫೋನಿನಲ್ಲಿ ತೋರಿಸಿದೆ. ನೋಡಿ ವಾಪಸ್ ಕೊಟ್ಟಳು.

"ಬೇಡಪ್ಪ. ಓಡೋದು ಮೈಗೆ ಒಳ್ಳೇದು, ಓಡ್ತೀನಿ. ಆ ಕೆಲಸಕ್ಕೆ ನಾನು ಲಾಯಕ್ಕಿಲ್ಲ."

"ಎರಡು ನಿಮಿಷದೊಳಗೆ ಬಂದ್ಬುಟ್ಟೆಯಲ್ಲೇ."

"ಬೇಕಾದಾಗ ಬರ್ಲಿಲ್ವಲ್ಲ. ಕಾಯಿಲೆ ಅಂತ ಗೊತ್ತಾಯ್ತು. ಮಾತ್ರೆ ಕೊಟ್ರು. ನಾಲ್ಕು ತಿಂಗಳು ಟೈಮಿತ್ತು. ನೀನು ದಿನಾ ಎದ್ದು ಕೈಗೆ ತಂದ್ಕೊಟ್ಟೆ. ಅಷ್ಟಾದ್ರೂ ಒಂಬತ್ತು ಸೆಕೆಂಡು ಲೇಟು ಅಂದ್ರೆ ಅದು ಕಾಯಿಲೆ ಅಲ್ಲ, ನಾನು. ನಾಳೆ ಯಾರಾದ್ರೂ ಕಾಪಾಡಿ ಅಂತ ಕೂಗಿದ್ರೆ ಒಂಬತ್ತು ಸೆಕೆಂಡು ಲೇಟಾಗಿ ಹೋಗ್ಲಾ?"

ನೀನು ದಿನಾ ಎದ್ದು ಕೈಗೆ ತಂದ್ಕೊಟ್ಟೆ. ಇಡೀ ದಿನ ಪ್ರೆಸ್ಸಿನಲ್ಲಿ ತಲೆಯೊಳಗೆ ಇದೊಂದೇ ವಾಕ್ಯ. ಯಾವುದೋ ಜಾತಕದ ಪುಸ್ತಕದಲ್ಲಿ ಶನಿಯನ್ನು ಸರಿ ಎಂದು ಬಿಟ್ಟುಬಿಟ್ಟಿದ್ದೇನೆ, ಅಲ್ಲಿರಬೇಕಾದದ್ದು ಗುರು.

ಮಾರ್ಚ್ 30, ಭಾನುವಾರ. ಯುಗಾದಿ

ಬೇವು-ಬೆಲ್ಲ ಹಂಚಿದ ಕುಸುಮ ಕೇಳಿದಳು. "ಏನ್ರೀ, ಎಷ್ಟೋ ದಿನದಿಂದ ಕೇಳ್ಬೇಕು ಅಂತಿದ್ದೆ, ಈ ಮನೇಲಿ ಐದೂವರೆಗೆಲ್ಲ ಕಾಫಿ ವಾಸನೆ ಬರ್ತಿತ್ತು. ಈಗೇನು ಆರಕ್ಕೆ?"

ಗಗನ ಬೆರಳು ಮಡಚಿ ಎಣಿಸಿದಳು. "ಹಾಲು ಒಡೆದಿದ್ದು. ಫಿಲ್ಟರ್ ಕಟ್ಟಿದ್ದು. ಪುಡಿ ಇಲ್ದಿದ್ದು, ಡಬ್ಬಿ ತುಂಬಾ ಪುಡಿ ಇದ್ದೂ. ಕಡೇಗೆ ವಯಸ್ಸಾಗಿದ್ದು. ಅಪ್ಪಂಗೆ ಡಿಸೆಂಬರಲ್ಲಿ ಮೂರೇ ದಿನದಲ್ಲಿ ವಯಸ್ಸಾಯ್ತಮ್ಮ."

ಇಬ್ಬರೂ ನಕ್ಕರು. ಕುಸುಮ ಮೊದಲು ನಿಲ್ಲಿಸಿದಳು. ಮಾತ್ರೆ ಬಾಟಲಿ ನೋಡಿದಳು, ಫಿಲ್ಟರ್ ನೋಡಿದಳು, ನನ್ನನ್ನು ನೋಡಿದಳು. ಮೂವತ್ತು ಮಕ್ಕಳ ತರಗತಿಯಲ್ಲಿ ಯಾರು ಕಾಪಿ ಹೊಡೆದರೆಂದು ಕಂಡುಹಿಡಿಯುವವಳು.

ಮಗಳು ಸ್ನಾನಕ್ಕೆ ಹೋದಾಗ ಇಷ್ಟೇ ಹೇಳಿದಳು. "ನಾಳೆ ಕಡೇ ದಿನ ಅಲ್ವಾ ಅರ್ಜಿಗೆ."

"ಹೂಂ."

"ಅವ್ಳು ತಪ್ಪೆಲ್ಲ ತನ್ನ ಮೇಲೆ ಹಾಕ್ಕೊಂಡು ಕೂತವ್ಳೆ. ನಂಗೊತ್ತಿರೋದಿಷ್ಟೆ. ಮಿಕ್ಕಿದ್ದು ನಿಮಗೆ ಗೊತ್ತು."

ಮಾರ್ಚ್ 31, ಸೋಮವಾರ. 5.10

ಮಾನ್ಯ ಅಧ್ಯಕ್ಷರೇ, ವೇದಿಕೆಯನ್ನು...

ಬೇಡ.

ಇಲ್ಲಿ ಯಾವ ಸಭೆಯೂ ಇಲ್ಲ. ಒಂದು ಫಿಲ್ಟರಿದೆ, ಎರಡು ಲೋಟ. ಕುಸುಮ ಮೊದಲ ಬಸ್ಸಿಗೆ ಹೊರಟಾಯಿತು. ಮಾತ್ರೆ ಕೊಟ್ಟು ಬಂದಿದ್ದೇನೆ. ಕಾಫಿಗೆ ಇನ್ನೂ ಐವತ್ತು ನಿಮಿಷವಿದೆ.

ನನಗೆ ಗೊತ್ತಿತ್ತು.

ರೋಸ್ಲಿನ್ ಹೇಳಿ ತಿಳಿದದ್ದಲ್ಲ. ಜುಲೈ ಹತ್ತೊಂಬತ್ತರಂದು, ಗಗನ ಮುಖ ತೊಳೆಯಲು ಹೋಗಿದ್ದಾಗ, ಡಾಕ್ಟರು ನನಗೆ ಸ್ಪಷ್ಟವಾಗಿ ಹೇಳಿದರು. ಮಾತ್ರೆ ಆದ ಮೇಲೆ ಒಂದು ಗಂಟೆ ಕಾಫಿ ಕೂಡ ಬೇಡ. ಚೀಟಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದರು. ಅಕ್ಷರ ಓದುವುದೇ ನನ್ನ ಹೊಟ್ಟೆಪಾಡು. ಓದಿದೆ. ಈ ಪುಸ್ತಕದಲ್ಲಿ ಅದೊಂದು ಸಾಲು ಬಿಟ್ಟು ಮಿಕ್ಕಿದ್ದೆಲ್ಲ ಬರೆದೆ. ಉಪವಾಸ, ಅವ್ವ, ಶಿವ ಎಲ್ಲ ಆಮೇಲೆ ಹೊಂದಿಸಿದ ಕಥೆ.

ಮೊದಲ ದಿನ ಬರೀ ನೀರಲ್ಲೇ ಕೊಟ್ಟಿದ್ದೆ. ನುಂಗಿ ಗೋಡೆ ಕಡೆ ಹೊರಳಿದಳು. ಒಂದು ಮಾತಿಲ್ಲ. ಎರಡನೇ ದಿನವೂ ಹಾಗೇ. ಮೂರನೇ ದಿನ ಕಾಫಿ ಜೊತೆಗೊಯ್ದೆ. ಎದ್ದು ಕೂತು ಕನಸು ಹೇಳಿದಳು. ಒಂದು ಲೋಟ ಕಾಫಿ ಏನು ಮಾಡೀತು ಅಂದುಕೊಂಡೆ. ನಲವತ್ತೊಂದು ಬಂದಾಗ ಅಂದುಕೊಂಡೆ, ಮೂವತ್ತಾರು ಬಂದಾಗಲೂ ಅಂದುಕೊಂಡೆ. ನನ್ನ ಹತ್ತು ನಿಮಿಷಕ್ಕೆ ಅವಳ ಒಂಬತ್ತು ಸೆಕೆಂಡು.

ಚೀಟಿ ಈ ದಿನಚರಿಯ ಹಿಂದಿನ ರಟ್ಟಿನೊಳಗೇ ಇದೆ. ನಾಲ್ಕು ಮಡಿಕೆ. ಈಗ ತೆಗೆದು ಬಿಡಿಸಿಟ್ಟಿದ್ದೇನೆ. ಎರಡು ಗೆರೆ ಹಾಗೇ ಇವೆ. ಸಿಟ್ಟು ಮಾಡಲಿ. ಒಂದು ತಿಂಗಳು ಮಾತು ಬಿಡಲಿ. ಅವಳು ಸೋಮಾರಿ ಅಲ್ಲ ಎಂದು ಡಾಕ್ಟರು ಒಂದು ಸಲ ಹೇಳಿದ್ದರು. ಎರಡನೇ ಸಲ ಹೇಳಬೇಕಾದವನು ನಾನು. ಅರ್ಜಿಗೆ ರಾತ್ರಿ ಹನ್ನೆರಡರವರೆಗೂ ಟೈಮಿದೆ.

ಹಜಾರದಲ್ಲಿ ಕೂತು ಶೂ ದಾರ ಕಟ್ಟುತ್ತಿದ್ದಾಳೆ.

"ಅಪ್ಪ, ವಾಚ್ ತಗೊಂಡ್ಯಾ? ಬರ್ತೀಯೋ, ಬರ್ಕೊಂಡೇ ಕೂತಿರ್ತೀಯೋ?"

ಬಂದೆ ಕಣಮ್ಮ, ಒಂದ್ನಿಮಿಷ, ಮೊದಲು ಈ ಚೀಟಿ